ಪುತ್ಥಳಿಗೆ ಮುಂಗಡ ಕೊಡುವ ಮುನ್ನ: ಊರಲ್ಲಿ ಸ್ಮಾರಕ ನಿಲ್ಲಿಸುವವರಿಗೆ ಹಂತ ಹಂತದ ಮಾರ್ಗದರ್ಶಿ

ನಮ್ಮ ಕಡೆಯ ಒಂದು ಊರಿನಲ್ಲಿ ಕಂಚಿನ ಪುತ್ಥಳಿಯೊಂದು ನಾಲ್ಕು ವರ್ಷ ಸಮುದಾಯ ಭವನದ ಸ್ಟೋರ್ ರೂಮಿನಲ್ಲಿ ಮಲಗಿತ್ತು. ಮೈಗೆ ನೀಲಿ ಟಾರ್ಪಾಲು ಸುತ್ತಿದ್ದರು. ಒಂದು ಪಕ್ಕ ಶಾಮಿಯಾನದ ಕಂಬಗಳು, ಇನ್ನೊಂದು ಪಕ್ಕ ಮುರಿದ ಕುರ್ಚಿಗಳು. ಊರವರು ಮನೆ ಮನೆ ಸುತ್ತಿ ಹಣ ಎತ್ತಿದ್ದರು. ಶಿಲ್ಪಿಯೂ ಕೆಲಸ ಚೆನ್ನಾಗಿಯೇ ಮಾಡಿದ್ದರು. ಸರ್ಕಲ್‌ನಲ್ಲಿ ನಿಲ್ಲಿಸೋಣ ಅಂದುಕೊಂಡಿದ್ದರು, ಅನುಮತಿ ಸಿಗಲಿಲ್ಲ. ಬೇರೆ ಜಾಗವನ್ನು ಯಾರೂ ಯೋಚಿಸಿರಲಿಲ್ಲ.

ಇದೇ ಕಥೆಯನ್ನು ಬೇರೆ ಬೇರೆ ಊರುಗಳ ಸಮಿತಿಯವರು ನನ್ನ ಹತ್ತಿರ ಹೇಳುತ್ತಲೇ ಇದ್ದಾರೆ. ಎಲ್ಲರೂ ಎಡವುವುದು ಒಂದೇ ಕಡೆ: ಮೂರ್ತಿಯಿಂದ ಶುರು ಮಾಡುತ್ತಾರೆ, ಜಾಗವನ್ನು ಆಮೇಲೆ ಹುಡುಕುತ್ತಾರೆ. ಇದು ಸಣ್ಣ ಊರುಗಳಿಗಷ್ಟೇ ಬಂದ ಕಷ್ಟವಲ್ಲ. ಬೆಂಗಳೂರಿನ ಹಲಸೂರು ಕೆರೆಯ ಹತ್ತಿರ 1991ರಲ್ಲಿ ನಿಲ್ಲಿಸಿದ ತಿರುವಳ್ಳುವರ್ ಪ್ರತಿಮೆ 18 ವರ್ಷ ಮುಸುಕಿನೊಳಗೇ ಇತ್ತು. 2009ರ ಆಗಸ್ಟ್ 9ರಂದು ಅದು ಅನಾವರಣವಾಯಿತು. ನಾಲ್ಕು ದಿನಕ್ಕೆ ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆಯೂ ಅನಾವರಣವಾಯಿತು. ಎರಡೂ ರಾಜ್ಯದವರು ಕೂತು ಮಾತಾಡಿದ ಮೇಲೆ ಆದ ಕೆಲಸ ಅದು. ಆ ಮಾತುಕತೆ ಮೊದಲೇ ಆಗಬೇಕು ಅನ್ನುವುದಕ್ಕೆ ಈ ಮಾರ್ಗದರ್ಶಿ.

ಇಲ್ಲಿ ಶಿಲ್ಪಿಗೆ ಮುಂಗಡ ಕೊಡುವುದು ಆರನೇ ಹಂತ. ಅದಕ್ಕಿಂತ ಮುಂಚೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.

## ಶುರುವಿಗೆ ಬೇಕಾದವರು, ಬೇಕಾದ ವಸ್ತುಗಳು

ಸಮಿತಿ ಚಿಕ್ಕದಿರಲಿ. ಏಳೆಂಟು ಜನ ಸಾಕು. ಅದರಲ್ಲಿ ಒಬ್ಬ ಸಿವಿಲ್ ಎಂಜಿನಿಯರ್, ಕಂದಾಯದ ಕಾಗದ ಓದಲು ಬರುವ ಒಬ್ಬರು, ಲೆಕ್ಕ ಇಡುವ ಒಬ್ಬರು ಇರಲೇಬೇಕು. ಯಾರ ನೆನಪಿಗೆ ಸ್ಮಾರಕವೋ ಅವರ ಮನೆಯವರೊಬ್ಬರು ಇದ್ದರೆ ಒಳ್ಳೆಯದು. ಹೆಣ್ಣುಮಕ್ಕಳನ್ನು ಬರೀ ಹೆಸರಿಗೆ ಸೇರಿಸಬೇಡಿ. ಜಾಗ ನೋಡಲು ಹೋಗುವಾಗಲೂ ಕರೆದುಕೊಂಡು ಹೋಗಿ. ಸಂಜೆ ಏಳರ ಮೇಲೆ ಆ ಜಾಗದಲ್ಲಿ ನಿಲ್ಲಬಹುದೋ ಇಲ್ಲವೋ ಅನ್ನುವುದು ಅವರಿಗೆ ಬೇಗ ಗೊತ್ತಾಗುತ್ತದೆ.

ವಸ್ತುಗಳೆಂದರೆ 100 ಅಡಿ ಟೇಪು, ಉದ್ದನೆಯ ಬಿದಿರು ಗಳು, ಮೊಬೈಲ್ ಕ್ಯಾಮೆರಾ, ಜಾಗದ ಸರ್ವೆ ನಕ್ಷೆ, ನಡಾವಳಿ ಬರೆಯಲು ಒಂದು ದಪ್ಪ ಪುಸ್ತಕ. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಿರಿ, ಇಬ್ಬರ ಸಹಿ ಇಲ್ಲದೆ ಹಣ ತೆಗೆಯುವ ಹಾಗಿರಬಾರದು. ಹಣ ಎತ್ತಿದ ದಿನವೇ ರಸೀದಿ ಕೊಡಿ. ಸ್ಮಾರಕದ ಕೆಲಸದಲ್ಲಿ ಮೊದಲ ಜಗಳ ಶುರುವಾಗುವುದು ಯಾವಾಗಲೂ ಲೆಕ್ಕದ ಮೇಲೆಯೇ.

## ಹಂತ 1: ಯಾಕೆ ಬೇಕು, ಯಾರಿಗೆ ಬೇಕು

ಮೊದಲ ಸಭೆಯಲ್ಲಿ ಮೂರೇ ಪ್ರಶ್ನೆ ಇಟ್ಟುಕೊಳ್ಳಿ. ಈ ವ್ಯಕ್ತಿ ಅಥವಾ ಘಟನೆಯ ಬಗ್ಗೆ ಜನ ಏನನ್ನು ನೆನಪಿಡಬೇಕು? ಜಯಂತಿಯ ಒಂದು ದಿನ ಬಿಟ್ಟರೆ ಉಳಿದ 364 ದಿನ ಈ ಜಾಗದಲ್ಲಿ ಏನು ನಡೆಯುತ್ತದೆ? ಹಾಕಿದ ಮಾಲೆಯನ್ನು ಮರುದಿನ ತೆಗೆಯುವವರು ಯಾರು?

ಮೂರನೆಯ ಪ್ರಶ್ನೆಗೆ ಸಭೆಯಲ್ಲಿ ಯಾರೂ ಕೈ ಎತ್ತದಿದ್ದರೆ ಅಲ್ಲಿಗೇ ಸ್ವಲ್ಪ ನಿಲ್ಲಿ. ಕಟ್ಟುವ ಉತ್ಸಾಹ ಇದೆ, ನೋಡಿಕೊಳ್ಳುವ ಮನಸ್ಸು ಇನ್ನೂ ಬಂದಿಲ್ಲ ಅಂತ ಅರ್ಥ.

ಎಲ್ಲ ನೆನಪಿಗೂ ನಿಂತ ಮೂರ್ತಿಯೇ ಆಗಬೇಕಿಲ್ಲ. ನಮ್ಮ ನಾಡಿನಲ್ಲಿ ಊರಿಗಾಗಿ ಪ್ರಾಣ ಕೊಟ್ಟವರಿಗೆ ವೀರಗಲ್ಲು ನಿಲ್ಲಿಸುತ್ತಿದ್ದರು. ಆಳೆತ್ತರದ ಒಂದೇ ಕಲ್ಲು, ಕೆಳಗಿನ ಪಟ್ಟಿಯಲ್ಲಿ ಕಾಳಗ, ಮೇಲಿನ ಪಟ್ಟಿಗಳಲ್ಲಿ ಅವನು ಸ್ವರ್ಗ ಸೇರುವ ಚಿತ್ರ, ಜೊತೆಗೆ ನಾಲ್ಕು ಸಾಲು ಬರಹ. ನೂರಾರು ವರ್ಷ ಮಳೆ ಬಿಸಿಲು ತಿಂದು ಇನ್ನೂ ನಿಂತಿವೆ. ಕುಪ್ಪಳಿಯ ಕವಿಶೈಲ ನೋಡಿ. ಅಲ್ಲಿ ದೊಡ್ಡ ದೊಡ್ಡ ಕಲ್ಲುಗಳನ್ನು ನಿಲ್ಲಿಸಿದ್ದಾರೆ, ಅಷ್ಟೇ. ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ಕಲ್ಪನೆ ಅದು. ಅಲ್ಲಿ ಹೋದವರು ಬೇಗ ಎದ್ದು ಬರುವುದಿಲ್ಲ. ಊರಿನ ಮೇಷ್ಟ್ರ ನೆನಪಿಗೆ ಒಂದು ಎದೆಮಟ್ಟದ ಪುತ್ಥಳಿ ಮಾಡಿಸಿ, ಉಳಿದ ಹಣದಲ್ಲಿ ಶಾಲೆಯ ಲೈಬ್ರರಿಗೆ ಸೂರು ಹಾಕಿಸಬಹುದು. ಇದನ್ನೂ ಸಭೆಯ ಮುಂದೆ ಇಡಿ.

ಎಚ್ಚರಿಕೆಯ ಸೂಚನೆ: "ಪಕ್ಕದ ಊರಲ್ಲಿ ಹನ್ನೆರಡು ಅಡಿ ಇದೆ, ನಮ್ಮದು ಹದಿನೈದು ಇರಲಿ" ಅನ್ನುವ ಮಾತು ಬಂದರೆ ಉದ್ದೇಶ ದಾರಿ ತಪ್ಪಿದೆ. ಅವತ್ತಿನ ಸಭೆ ಮುಗಿಸಿ, ವಾರ ಬಿಟ್ಟು ಮತ್ತೆ ಕೂರಿ.

## ಹಂತ 2: ಜಾಗ

ಇಲ್ಲಿ ಎಷ್ಟು ಸಮಯ ಕೊಟ್ಟರೂ ಜಾಸ್ತಿ ಅಲ್ಲ.

ಮೊದಲು ಸರ್ಕಲ್ ಎಂಬ ಆಸೆಯನ್ನು ಬಿಡಿ. ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಎಲ್ಲ ರಾಜ್ಯಗಳಿಗೂ ಒಂದು ಆದೇಶ ಕೊಟ್ಟಿದೆ. ಸಾರ್ವಜನಿಕ ರಸ್ತೆ, ಫುಟ್‌ಪಾತ್, ರಸ್ತೆಯ ಬದಿ, ಜನ ಬಳಸುವ ಇಂಥ ಇತರ ಜಾಗಗಳಲ್ಲಿ ಪ್ರತಿಮೆ ನಿಲ್ಲಿಸಲು ಅಥವಾ ಯಾವುದೇ ಕಟ್ಟಡ ಕಟ್ಟಲು ಇನ್ನು ಮುಂದೆ ಅನುಮತಿ ಕೊಡಬಾರದು ಅಂತ. ಬೀದಿದೀಪ, ಸಂಚಾರ, ಟೋಲ್‌ನಂಥ ಕೆಲಸಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. "ಆ ಊರಿನ ಸರ್ಕಲ್‌ನಲ್ಲಿ ಇದೆಯಲ್ಲ" ಅಂತ ಕೇಳುತ್ತಾರೆ. ಅದರಲ್ಲಿ ಬಹಳಷ್ಟು ಈ ಆದೇಶಕ್ಕಿಂತ ಹಳೆಯವು. ಅದನ್ನು ತೋರಿಸಿ ಹೊಸದಕ್ಕೆ ಅನುಮತಿ ಪಡೆಯಲು ಆಗುವುದಿಲ್ಲ.

ಕಾನೂನು ಪಕ್ಕಕ್ಕಿಡಿ, ಸರ್ಕಲ್ ಪುತ್ಥಳಿಗೆ ಒಳ್ಳೆಯ ಜಾಗವೇ ಅಲ್ಲ. ಸುತ್ತ ಬಸ್ಸು ಲಾರಿ ಓಡುತ್ತಿರುತ್ತವೆ. ಮಗುವೊಂದು ಹತ್ತಿರ ಹೋಗಿ ಹೆಸರು ಓದಲು ಆಗುವುದಿಲ್ಲ. ಜಯಂತಿಯ ದಿನ ಟ್ರಾಫಿಕ್ ನಿಲ್ಲಿಸಬೇಕು. ಹತ್ತು ವರ್ಷಕ್ಕೆ ಮೇಲ್ಸೇತುವೆಯೋ ಅಂಡರ್‌ಪಾಸೋ ಬಂದರೆ ಕಿತ್ತು ಬೇರೆ ಕಡೆ ಇಡಬೇಕು.

ಶಾಲೆಯ ಮುಂಭಾಗ, ಲೈಬ್ರರಿ ಅಂಗಳ, ಪಂಚಾಯಿತಿ ಅಥವಾ ಪುರಸಭೆಯ ಆವರಣ, ಆ ವ್ಯಕ್ತಿ ಹುಟ್ಟಿದ ಅಥವಾ ಕೆಲಸ ಮಾಡಿದ ಜಾಗ: ಹುಡುಕುವುದನ್ನು ಇಲ್ಲಿಂದ ಶುರು ಮಾಡಿ. ಪಾರ್ಕು ಅಂದರೆ ಸುಲಭ ಅಂದುಕೊಳ್ಳಬೇಡಿ, ಪಾರ್ಕುಗಳನ್ನು ಕಾಪಾಡಲು ಬೇರೆಯೇ ಕಾಯ್ದೆಗಳಿವೆ. ಕೆರೆ ಅಂಗಳವನ್ನಂತೂ ಕೇಳಲೇಬೇಡಿ.

ಹಂಪಿ, ಬಾದಾಮಿ, ವಿಜಯಪುರದಂಥ ಕಡೆ ಇನ್ನೊಂದು ಲೆಕ್ಕ ಇದೆ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಕಟ್ಟಲು ಪ್ರತ್ಯೇಕ ಅನುಮತಿ ಬೇಕು. ಹಳ್ಳಿಯ ಒಂದು ಹಳೇ ಗುಡಿ ಕೂಡ ಆ ಪಟ್ಟಿಯಲ್ಲಿರಬಹುದು. ಗುಡಿಯ ಮುಂದೆ ನೀಲಿ ಬೋರ್ಡ್ ಇದೆಯಾ ಅಂತ ಹೋಗಿ ನೋಡಿ.

ಜಾಗ ಗೊತ್ತಾದ ಮೇಲೆ ಅಲ್ಲಿಗೆ ಮೂರು ಹೊತ್ತು ಹೋಗಿ: ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ, ರಾತ್ರಿ. ಮೇಲೆ ಕರೆಂಟ್ ತಂತಿ ಇದೆಯೇ, ಮಳೆನೀರು ಎತ್ತ ಹರಿಯುತ್ತದೆ, ಕೆಳಗೆ ನೀರಿನ ಪೈಪೋ ಚರಂಡಿಯೋ ಹೋಗಿದೆಯೇ, ಎಲ್ಲ ಬರೆದುಕೊಳ್ಳಿ. ಮುಖ ಯಾವ ದಿಕ್ಕಿಗೆ ಅನ್ನುವುದನ್ನೂ ಆಗಲೇ ಯೋಚಿಸಿ. ಬೆಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಬಿಟ್ಟರೆ ಉಳಿದ ಕಾಲವೆಲ್ಲ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೇ ಇರುತ್ತಾನೆ. ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿದರೆ ವರ್ಷದ ಹೆಚ್ಚು ಭಾಗ ಬೆಳಕು ಬೆನ್ನಿಗೆ, ಮುಖ ಕಪ್ಪು. ಪೂರ್ವ ಅಥವಾ ದಕ್ಷಿಣಕ್ಕೆ ತಿರುಗಿದರೆ ಮುಖದ ಗೆರೆಗಳು ಕಾಣುತ್ತವೆ.

## ಹಂತ 3: ಊರಿನ ಒಪ್ಪಿಗೆ, ಆಮೇಲೆ ಸರ್ಕಾರದ ಅನುಮತಿ

ಎರಡೂ ಬೇಕು, ಅದೂ ಇದೇ ಕ್ರಮದಲ್ಲಿ.

2020ರ ಆಗಸ್ಟ್‌ನಲ್ಲಿ ಬೆಳಗಾವಿಯ ಪೀರನವಾಡಿಯಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಯನ್ನು ರಾತ್ರೋರಾತ್ರಿ ನಿಲ್ಲಿಸಿದ ಮೇಲೆ ದೊಡ್ಡ ಗಲಾಟೆಯಾಯಿತು. ಕೊನೆಗೆ ಕನ್ನಡ, ಮರಾಠಿ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಿದರು. ಪ್ರತಿಮೆ ಅಲ್ಲೇ ಉಳಿಯಿತು, ವೃತ್ತಕ್ಕೆ ಛತ್ರಪತಿ ಶಿವಾಜಿಯ ಹೆಸರಾಯಿತು. ಇಂಥ ಒಪ್ಪಂದ ಸಾಧ್ಯ ಅಂತಾದರೆ ಅದನ್ನು ಕೆಲಸ ಶುರು ಮಾಡುವ ಮೊದಲೇ ಮಾಡಿಕೊಳ್ಳಬಹುದು ಅಲ್ವಾ? ಆ ಜಾಗಕ್ಕೆ ಬೇರೆ ಹೆಸರು ರೂಢಿಯಲ್ಲಿದೆಯಾ, ಬೇರೆ ಸಮುದಾಯದವರು ಮೊದಲೇ ಅರ್ಜಿ ಕೊಟ್ಟಿದ್ದಾರಾ, ಪಕ್ಕದ ಅಂಗಡಿಯವರಿಗೆ ತೊಂದರೆ ಆಗುತ್ತದಾ, ಎಲ್ಲರ ಮನೆಗೂ ಹೋಗಿ ಕೇಳಿ. ನಡಾವಳಿಯಲ್ಲಿ ಬರೆದು ಸಹಿ ಹಾಕಿಸಿ.

ಆಮೇಲೆ ಕಾಗದ. ಮೊದಲು ಜಾಗ ಯಾರ ಹೆಸರಲ್ಲಿದೆ ನೋಡಿ: ಪಹಣಿ, ಖಾತೆ, ಹಳ್ಳಿಯಾದರೆ ಇ-ಸ್ವತ್ತಿನ (ಪಂಚಾಯಿತಿಯ ಆಸ್ತಿ ದಾಖಲೆ) ನಮೂನೆ 9 ಮತ್ತು 11, ಜೊತೆಗೆ ಸರ್ವೆ ನಕ್ಷೆ. ಪಂಚಾಯಿತಿಯವರು "ನಮ್ಮದೇ ಜಾಗ" ಅಂದದ್ದು ಕಂದಾಯ ಇಲಾಖೆಯ ಗೋಮಾಳ ಆಗಿರುವುದು ಎಷ್ಟೋ ಕಡೆ ಉಂಟು. ನಂತರ ಗ್ರಾಮ ಪಂಚಾಯಿತಿ ಅಥವಾ ಪುರಸಭೆಯ ಸಾಮಾನ್ಯ ಸಭೆಯಲ್ಲಿ ನಿರ್ಣಯ ಆಗಬೇಕು. ಅದರ ದೃಢೀಕೃತ ಪ್ರತಿ ಇಟ್ಟುಕೊಂಡು ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಿ. ಪೊಲೀಸರ ವರದಿ ಕೇಳುತ್ತಾರೆ. ರಸ್ತೆ ಹತ್ತಿರ ಇದ್ದರೆ ಲೋಕೋಪಯೋಗಿ ಇಲಾಖೆ, ರಾಷ್ಟ್ರೀಯ ಹೆದ್ದಾರಿಯಾದರೆ ಹೆದ್ದಾರಿ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಬೇಕು. ಸರ್ಕಾರದ ಅನುದಾನ ಬಳಸುವುದಾದರೆ 1999ರ ಕೆಟಿಪಿಪಿ (ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆ) ಕಾಯ್ದೆಯ ಟೆಂಡರ್ ನಿಯಮಗಳೂ ಬರುತ್ತವೆ.

ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ಮುಂದೆ ಹೋಗಬೇಡಿ. "ಮಾಡಿ, ನಾನಿದ್ದೀನಿ" ಅಂದವರು ಮುಂದಿನ ವರ್ಷ ಆ ಕುರ್ಚಿಯಲ್ಲಿ ಇರದೇ ಹೋಗಬಹುದು. ರಾತ್ರೋರಾತ್ರಿ ನಿಲ್ಲಿಸಿಬಿಡೋಣ ಅನ್ನುವವರನ್ನು ಕೈಮುಗಿದು ತಡೆಯಿರಿ. ತೆರವಿನ ಯಂತ್ರ ಬಂದಾಗ ಅವಮಾನ ಆಗುವುದು ಸಮಿತಿಗಿಂತ ಜಾಸ್ತಿ ಆ ಮಹನೀಯರಿಗೆ.

ಹೊರದೇಶದ ಕನ್ನಡ ಸಂಘದವರಿಗೂ ಇದೇ ದಾರಿ. ಲಂಡನ್‌ನ ಲ್ಯಾಂಬೆತ್‌ನಲ್ಲಿ ಥೇಮ್ಸ್ ದಡದ ಬಸವೇಶ್ವರ ಪುತ್ಥಳಿ 2015ರ ನವೆಂಬರ್ 14ರಂದು ಅನಾವರಣವಾಯಿತು. ಆ ನಗರದ ಸಾರ್ವಜನಿಕ ಜಾಗದಲ್ಲಿ ಪ್ರತಿಮೆ ಇಡುವುದಕ್ಕೆ 1854ರಿಂದಲೂ ಒಂದು ಕಾಯ್ದೆ ಇದೆ. ಅದರ ಒಪ್ಪಿಗೆ ಪಡೆದೇ ಅಲ್ಲಿ ಬಸವಣ್ಣ ನಿಂತದ್ದು.

## ಹಂತ 4: ಎತ್ತರ ಗೊತ್ತು ಮಾಡುವುದು

ಎತ್ತರವನ್ನು ಕಾಗದದ ಮೇಲೆ ತೀರ್ಮಾನಿಸಬೇಡಿ. ಬಿದಿರು ಗಳುವಿಗೆ ಒಂದು ಕೆಂಪು ಬಟ್ಟೆ ಕಟ್ಟಿ, ಪೀಠ ಸೇರಿ ಎಷ್ಟು ಎತ್ತರ ಅಂದುಕೊಂಡಿದ್ದೀರೋ ಅಷ್ಟಕ್ಕೆ ಜಾಗದಲ್ಲೇ ನಿಲ್ಲಿಸಿ. ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆಯಿರಿ. ಸಮಿತಿಯ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಲೆಕ್ಕ ಸುಲಭ. ಕತ್ತು ನೋಯದೆ ಪೂರ್ತಿ ನೋಡಬೇಕಾದರೆ ಒಟ್ಟು ಎತ್ತರದ ಎರಡರಷ್ಟು ದೂರದಲ್ಲಿ ನಿಲ್ಲಲು ಜಾಗ ಇರಬೇಕು. ಪೀಠ ಸೇರಿ 18 ಅಡಿ ಅಂದರೆ ಮುಂದೆ 36 ಅಡಿ ಖಾಲಿ. ಅಷ್ಟು ಜಾಗ ಇಲ್ಲದಿದ್ದರೆ ಎತ್ತರ ಇಳಿಸಿ. ಚಿಕ್ಕ ಅಂಗಳದಲ್ಲಿ ದೊಡ್ಡ ಮೂರ್ತಿ ನಿಲ್ಲಿಸಿದರೆ ಜನಕ್ಕೆ ಕಾಣುವುದು ಚಪ್ಪಲಿ ಮತ್ತು ಗಲ್ಲ ಮಾತ್ರ.

ಎತ್ತರದ ಜೊತೆ ಖರ್ಚು ಎಷ್ಟು ಓಡುತ್ತದೆ ಅನ್ನುವುದನ್ನೂ ತಿಳಿದಿರಿ. ಕಂಚಿನ ಪುತ್ಥಳಿ ಒಳಗೆ ಪೊಳ್ಳು. ತೂಕ ಹೊರಮೈಯ ಅಳತೆಯ ಮೇಲೆ ಹೋಗುತ್ತದೆ. 6 ಅಡಿಯದು 9 ಅಡಿ ಆದರೆ ಎತ್ತರ ಒಂದೂವರೆ ಪಟ್ಟು, ಕಂಚು ಎರಡೂಕಾಲು ಪಟ್ಟು. 12 ಅಡಿ ಆದರೆ ಕಂಚು ನಾಲ್ಕು ಪಟ್ಟು, ಅದೂ ತಗಡಿನ ದಪ್ಪ ಹೆಚ್ಚಿಸದೇ ಇದ್ದರೆ. "ಇನ್ನೊಂದು ಮೂರಡಿ ಇರಲಿ ಬಿಡಿ" ಅನ್ನುವ ಮಾತಿಗೆ ಇಷ್ಟು ಬೆಲೆ.

## ಹಂತ 5: ಯಾವುದರಲ್ಲಿ ಮಾಡಿಸುವುದು

ಸಿಮೆಂಟ್ ಅಗ್ಗ, ಬೇಗ ಆಗುತ್ತದೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದಾಗ ಹೊರಮೈ ಬಿರಿಯುತ್ತದೆ. ಕರಾವಳಿಯಲ್ಲಿ ಇದು ಇನ್ನೂ ಬೇಗ. ಫೈಬರ್ ಹಗುರ, ಸಾಗಿಸಲು ಸುಲಭ, ಆದರೆ ಬಿಸಿಲಿಗೆ ಬಣ್ಣ ಹಾರುತ್ತದೆ, ಮೈ ಪೆಡಸಾಗುತ್ತದೆ. ಸೂರಿನ ಕೆಳಗೆ ಆದರೆ ಸರಿ, ಬಯಲಿಗೆ ಬೇಡ.

ಕಲ್ಲು ನಮ್ಮ ನಾಡಿಗೆ ಒಗ್ಗಿದ್ದು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣ, ಕಾರ್ಕಳ, ಮೈಸೂರಿನ ಕಡೆ ಒಳ್ಳೆಯ ಕೈಗಳಿವೆ. ಆದರೆ ಬಂಡೆಯ ತೂಕವನ್ನು ಜನ ಮರೆಯುತ್ತಾರೆ. ಮೈಸೂರಿನ ಅರುಣ್ ಯೋಗಿರಾಜ್ ಕೆತ್ತಿದ, ದೆಹಲಿಯ ಇಂಡಿಯಾ ಗೇಟ್ ಹತ್ತಿರದ 28 ಅಡಿಯ ನೇತಾಜಿ ಪ್ರತಿಮೆಗೆ ತಂದ ಬಂಡೆ 280 ಟನ್, ಕೆತ್ತಿದ ಮೇಲೆ ಉಳಿದದ್ದು 65 ಟನ್. ನಿಮ್ಮ ಏಳಡಿಯ ಮೂರ್ತಿಗೂ ಬಂಡೆ, ಲಾರಿ, ಕ್ರೇನು ಎಲ್ಲ ಅದೇ ಲೆಕ್ಕದಲ್ಲಿ ಬರುತ್ತವೆ. ಕಲ್ಲಿನಲ್ಲಿ ಚಾಚಿದ ಕೈ, ತೆಳು ಕೋಲು, ಕತ್ತಿ ಬೇಡ. ಮುರಿಯುವುದು ಅಲ್ಲೇ.

ಬಯಲಿಗೆ, ದೀರ್ಘ ಕಾಲಕ್ಕೆ ನನ್ನ ಆಯ್ಕೆ ಕಂಚು. ತಾಮ್ರ 85 ಭಾಗ, ತವರ, ಸತು, ಸೀಸ ತಲಾ 5 ಭಾಗ: ಇದು ಪುತ್ಥಳಿಗೆ ಬಹಳ ಕಡೆ ಬಳಸುವ ಅಳತೆ. "ಪಂಚಲೋಹದ್ದು ಮಾಡಿಕೊಡ್ತೀವಿ" ಅಂತ ಯಾರಾದರೂ ಹೇಳಿದರೆ, ಯಾವ ಯಾವ ಲೋಹ, ಎಷ್ಟೆಷ್ಟು ಪಾಲು ಅಂತ ಬರೆಸಿಕೊಳ್ಳಿ. ಆ ಪದವನ್ನು ತುಂಬ ಸಡಿಲವಾಗಿ ಬಳಸುತ್ತಾರೆ.

## ಹಂತ 6: ಶಿಲ್ಪಿ ಮತ್ತು ಕರಾರು

ಈಗ ಶಿಲ್ಪಿಯನ್ನು ಹುಡುಕಿ. ಆಲ್ಬಮ್ ನೋಡಿ ತೀರ್ಮಾನಿಸಬೇಡಿ. ಅವರು ಐದು ವರ್ಷದ ಹಿಂದೆ ನಿಲ್ಲಿಸಿದ ಪುತ್ಥಳಿ ಎಲ್ಲಿದೆ ಕೇಳಿ, ಅಲ್ಲಿಗೆ ಹೋಗಿ ನೋಡಿ. ಬೆಸುಗೆಯ ಗೆರೆ ತೆರೆದಿದೆಯಾ, ಪಾದದ ಹತ್ತಿರ ಕಂದು ನೀರು ಇಳಿದ ಕಲೆ ಇದೆಯಾ? ಕಂದು ಕಲೆ ಅಂದರೆ ಒಳಗಿನ ಕಬ್ಬಿಣ ಕರಗುತ್ತಿದೆ ಅಂತ.

ಒಳಗಿನ ಚೌಕಟ್ಟಿನ ಬಗ್ಗೆ ಕೇಳದೆ ಬರಬೇಡಿ. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ರಾಜ್‌ಕೋಟ್ ಕೋಟೆಯಲ್ಲಿ 35 ಅಡಿಯ ಶಿವಾಜಿ ಪ್ರತಿಮೆ 2023ರ ಡಿಸೆಂಬರ್ 4ರಂದು ಅನಾವರಣವಾಯಿತು. 2024ರ ಆಗಸ್ಟ್ 26ರಂದು ಕುಸಿದುಬಿತ್ತು. ಒಂಬತ್ತು ತಿಂಗಳೂ ಆಗಿರಲಿಲ್ಲ. ತುಕ್ಕು, ದುರ್ಬಲ ಚೌಕಟ್ಟು, ಸರಿಯಿಲ್ಲದ ಬೆಸುಗೆ ಅಂತ ತನಿಖಾ ಸಮಿತಿ ಕಾರಣ ಕೊಟ್ಟಿತು. ಕಂಚಿಗೆ ಮಾಮೂಲಿ ಕಬ್ಬಿಣ ನೇರವಾಗಿ ತಾಗಿ, ನಡುವೆ ತೇವ ಇದ್ದರೆ, ಕಬ್ಬಿಣ ಬೇಗ ತಿಂದುಹೋಗುತ್ತದೆ. ಉಪ್ಪುಗಾಳಿ ಇರುವ ಕಡೆ ಇನ್ನೂ ಬೇಗ. ಆದ್ದರಿಂದ ಒಳಗಿನ ರಾಡು, ಬೋಲ್ಟು ಎಲ್ಲ ಸ್ಟೇನ್‌ಲೆಸ್ ಸ್ಟೀಲಿನದಿರಲಿ, ಕರಾವಳಿಗೆ 316 ದರ್ಜೆಯದು.

ಕರಾರಿನಲ್ಲಿ ಇವು ಬರಲೇಬೇಕು: ಎತ್ತರ, ಲೋಹದ ಪಾಲು, ತಗಡಿನ ಕನಿಷ್ಠ ದಪ್ಪ (ಆಳೆತ್ತರದ್ದಕ್ಕೆ 6ರಿಂದ 8 ಮಿಲಿಮೀಟರ್), ಅಂದಾಜು ತೂಕ, ಒಳ ಚೌಕಟ್ಟಿನ ನಕ್ಷೆ, ಎಂಜಿನಿಯರ್ ಸಹಿ, ಸಾಗಣೆಯಲ್ಲಿ ಹಾನಿಯಾದರೆ ಯಾರ ಹೊಣೆ, ಎಷ್ಟು ವರ್ಷದ ಖಾತರಿ. ಹಣವನ್ನು ಕಂತಿನಲ್ಲಿ ಕೊಡಿ. ಮುಂಗಡ, ಮಣ್ಣಿನ ಮಾದರಿ ಒಪ್ಪಿದ ಮೇಲೆ, ಎರಕ ಆದ ಮೇಲೆ, ಲೋಹದ ಪರೀಕ್ಷಾ ವರದಿ ಬಂದ ಮೇಲೆ. ಕೊನೆಯ ಕಂತು ಒಂದು ಮಳೆಗಾಲ ಕಳೆದ ನಂತರ.

ಲೋಹದ ಪರೀಕ್ಷೆಯನ್ನು ಸಂಕೋಚ ಇಲ್ಲದೆ ಕೇಳಿ. ಕಾರ್ಕಳ ತಾಲ್ಲೂಕಿನ ಬೈಲೂರಿನ ಪರಶುರಾಮ ಪ್ರತಿಮೆ ಯಾವುದರಿಂದ ಮಾಡಿದ್ದು ಎಂಬ ಪ್ರಶ್ನೆ ಪೊಲೀಸ್ ಠಾಣೆ, ಕೋರ್ಟ್‌ವರೆಗೂ ಹೋಯಿತು. ಮೊದಲೇ ವರದಿ ಕೈಯಲ್ಲಿದ್ದರೆ ಇಂಥ ಪ್ರಶ್ನೆಗೆ ಎಲ್ಲರೂ ನೋಡುವ ಉತ್ತರ ಇರುತ್ತದೆ. ಚಿನ್ನದಂಗಡಿಯಲ್ಲಿ ಕ್ಯಾರೆಟ್ ನೋಡುವ ಯಂತ್ರ ಇರುತ್ತದಲ್ಲ, ಅದೇ ಬಗೆಯ ಕೈಯಲ್ಲಿ ಹಿಡಿಯುವ ಯಂತ್ರದಿಂದ ಕಂಚಿನ ಪಾಲನ್ನೂ ನೋಡಬಹುದು. ತಲೆ, ಎದೆ, ಕಾಲು, ಮೂರು ಕಡೆ ನೋಡಿಸಿ. ಮನೆಮಟ್ಟದ ಪರೀಕ್ಷೆಯೂ ಇದೆ. ಬೆರಳ ಗೆಣ್ಣಿನಿಂದ ತಟ್ಟಿ: ಕಂಚು ಗಂಟೆಯ ಹಾಗೆ ಸಣ್ಣಗೆ ಗುಂಯ್ ಅನ್ನುತ್ತದೆ, ಫೈಬರ್ ರಟ್ಟಿನ ಪೆಟ್ಟಿಗೆಯ ಹಾಗೆ ಟಪ್ ಅನ್ನುತ್ತದೆ. ಅಯಸ್ಕಾಂತ ಅಂಟಿದರೆ ಅದು ಕಂಚಲ್ಲ. ಊರಿಗೆ ತರುವ ದಿನ ವೇ ಬ್ರಿಡ್ಜ್‌ನಲ್ಲಿ ತೂಗಿಸಿ ಚೀಟಿ ಇಟ್ಟುಕೊಳ್ಳಿ.

## ಹಂತ 7: ಮಣ್ಣಿನ ಮಾದರಿ ನೋಡುವುದು

ಇಡೀ ಕೆಲಸದಲ್ಲಿ ನಿಮ್ಮ ಕಣ್ಣಿಗೆ ಅತಿ ಹೆಚ್ಚು ಕೆಲಸ ಇರುವ ದಿನ ಇದು. ಮಣ್ಣಿನಲ್ಲಿ ಅರ್ಧ ಗಂಟೆಗೆ ಆಗುವ ತಿದ್ದುಪಡಿ, ಅಚ್ಚು ತೆಗೆದ ಮೇಲೆ ವಾರ ಹಿಡಿಯುತ್ತದೆ. ಎರಕ ಆದ ಮೇಲೆ ಆಗುವುದೇ ಇಲ್ಲ.

ಒಮ್ಮೆ ನಾವು ಒಬ್ಬ ಹಳೆಯ ಮೇಷ್ಟ್ರ ಪುತ್ಥಳಿಯ ಮಾದರಿ ನೋಡಲು ಹೋಗಿದ್ದೆವು. ಶೆಡ್ಡಿನೊಳಗೆ ಒದ್ದೆ ಗೋಣಿಚೀಲ ಸುತ್ತಿ ಇಟ್ಟಿದ್ದರು. ಚೀಲ ಬಿಚ್ಚಿದಾಗ ಎಲ್ಲರೂ "ಅಬ್ಬಾ, ಅವರೇ!" ಅಂದೆವು. ಮೇಷ್ಟ್ರ ಮಗಳು ಮಾತ್ರ ಸುಮ್ಮನಿದ್ದರು. ಎಪ್ಪತ್ತು ದಾಟಿದ ಹೆಂಗಸು. ಸುತ್ತ ಎರಡು ಸಲ ನಡೆದು, ಕೊನೆಗೆ "ಅಪ್ಪ ಪಂಚೆ ಹೀಗೆ ಉಡ್ತಿರಲಿಲ್ಲ. ಎಡಗೈಲಿ ತುದಿ ಹಿಡ್ಕೊಂಡೇ ನಡೀತಿದ್ರು" ಅಂದರು. ಶಿಲ್ಪಿ ಒಂದು ಮಾತೂ ಆಡದೆ ಎಡಗೈಯ ಮಣ್ಣು ಕಿತ್ತರು. ಅರ್ಧ ಗಂಟೆಯಲ್ಲಿ ಬೆರಳ ಸಂದಿನಲ್ಲಿ ಪಂಚೆಯ ತುದಿ ಬಂತು. ಈಗ ಆ ಪುತ್ಥಳಿ ನೋಡುವ ಹಳೆ ವಿದ್ಯಾರ್ಥಿಗಳು ಮೊದಲು ನೋಡುವುದು ಆ ಕೈಯನ್ನು.

ಹಾಗಾಗಿ ಕಂಡವರನ್ನು, ಒಡನಾಡಿದವರನ್ನು ಕರೆದುಕೊಂಡು ಹೋಗಿ. ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಕೋನದ ಫೋಟೋ ಒಯ್ಯಿರಿ. ಒಂದೇ ಪಾಸ್‌ಪೋರ್ಟ್ ಫೋಟೋ ಕೊಟ್ಟು ಪಕ್ಕದ ಮುಖ ಸರಿಯಿಲ್ಲ ಅಂದರೆ ಶಿಲ್ಪಿ ಏನು ಮಾಡಿಯಾರು? ಮಾದರಿಯನ್ನು ನೆಲದಲ್ಲಿ ಕೂತು, ಕೆಳಗಿನಿಂದ ನೋಡಿ, ಯಾಕೆಂದರೆ ಪೀಠದ ಮೇಲೆ ಏರಿದ ಮೇಲೆ ಜನ ನೋಡುವುದು ಹಾಗೆಯೇ. ಎದುರಿನಿಂದ ತಲೆ ಸ್ವಲ್ಪ ದೊಡ್ಡದು ಅನ್ನಿಸಿದರೆ ಗಾಬರಿ ಬೇಡ. ಮೇಲೆ ಹೋದಂತೆ ತಲೆ ಚಿಕ್ಕದಾಗಿ ಕಾಣುತ್ತದೆ ಅಂತ ಅನುಭವ ಇರುವವರು ಬೇಕೆಂದೇ ಹಾಗೆ ಮಾಡುತ್ತಾರೆ.

ಭಂಗಿಯ ಬಗ್ಗೆಯೂ ಆಗಲೇ ಹೇಳಿ. ಅಂಬೇಡ್ಕರ್ ಅಂದ ಕೂಡಲೇ ಮುಂದೆ ಚಾಚಿದ ಬೆರಳು, ಎಡಗೈಯಲ್ಲಿ ಸಂವಿಧಾನ ಕಣ್ಣಿಗೆ ಬರುತ್ತದೆ. ಜನರ ಮನಸ್ಸಿನಲ್ಲಿ ನಿಂತ ಇಂಥ ರೂಪವನ್ನು ಬದಲಿಸುವುದಾದರೆ ಮೊದಲು ಅವರನ್ನು ಕೇಳಬೇಕು. ಕನ್ನಡಕ, ಊರುಗೋಲು, ಕತ್ತಿಯಂಥವನ್ನು ಬೇರೆ ಮಾಡಿ ಸಿಕ್ಕಿಸಬೇಡಿ. ಕಳುವಾಗುವುದು ಅವೇ. ಮೈಗೆ ಕೂಡಿಸಿ ಬೆಸುಗೆ ಹಾಕಿಸಿ.

ಒಪ್ಪಿದ ಮೇಲೆ ನಾಲ್ಕೂ ಕಡೆಯ ಫೋಟೋ ಪ್ರಿಂಟ್ ತೆಗೆಸಿ, ಹಿಂದೆ ಸಮಿತಿಯವರೂ ಶಿಲ್ಪಿಯೂ ಸಹಿ ಹಾಕಿ.

## ಹಂತ 8: ಪಾಯ ಮತ್ತು ಪೀಠ

ಎರಕ ನಡೆಯುತ್ತಿರುವಾಗ ಇಲ್ಲಿ ಪೀಠ ಏಳಬೇಕು. ಮಣ್ಣು ಪರೀಕ್ಷೆ ಮಾಡಿಸಿ. ಉತ್ತರ ಕರ್ನಾಟಕದ ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಎರಡಡಿ ಪಾಯ ತೆಗೆದು ನಿಲ್ಲಿಸಿದ ಪೀಠ ಮೂರನೇ ವರ್ಷಕ್ಕೆ ವಾಲುತ್ತದೆ. ಆ ಮಣ್ಣಿನ ಪದರ ದಾಟಿ ಗಟ್ಟಿ ನೆಲಕ್ಕೆ ಹೋಗಬೇಕು, ಅಥವಾ ಪೈಲ್ (ನೆಲದಾಳಕ್ಕೆ ಇಳಿಸುವ ಕಂಬ) ಹಾಕಬೇಕು. ಎಷ್ಟು ಆಳ ಅನ್ನುವುದನ್ನು ಎಂಜಿನಿಯರ್ ಹೇಳಲಿ, ಮೇಸ್ತ್ರಿ ಅಲ್ಲ.

ಗಾಳಿಯ ಲೆಕ್ಕವೂ ಊರಿನಿಂದ ಊರಿಗೆ ಬೇರೆ. ವಿನ್ಯಾಸಕ್ಕೆ ಹಿಡಿಯುವ ಗಾಳಿಯ ವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ಅಂತರ ಸಣ್ಣದು ಅನ್ನಿಸುತ್ತದೆ. ಆದರೆ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರುವುದರಿಂದ ಮಂಗಳೂರಿನಲ್ಲಿ ಸುಮಾರು 40% ಜಾಸ್ತಿ. ಬೇರೆ ಊರಿನ ಪೀಠದ ನಕ್ಷೆಯನ್ನು ಹಾಗೇ ನಕಲು ಮಾಡಬೇಡಿ ಅನ್ನುವುದು ಇದಕ್ಕೇ.

ಪುತ್ಥಳಿಯ ಕೆಳಗಿನ ಬೋಲ್ಟುಗಳ ಅಚ್ಚನ್ನು ಪ್ಲೈವುಡ್ ಮೇಲೆ ಶಿಲ್ಪಿಯಿಂದಲೇ ತರಿಸಿ. ಅಂದಾಜಿನಲ್ಲಿ ಬೋಲ್ಟು ಹೂತು, ಕ್ರೇನಿನಲ್ಲಿ ಪುತ್ಥಳಿ ತೂಗುತ್ತಿರುವಾಗ ತೂತು ಹೊಂದದೆ ಗ್ಯಾಸ್ ಕಟರ್ ತಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪುತ್ಥಳಿಯ ತಳದಲ್ಲಿ ನೀರು ಇಳಿದುಹೋಗಲು ಸಣ್ಣ ತೂತು ಬಿಡಿಸಿ. ಕಾಂಕ್ರೀಟ್ ಹಾಕಿದ ಮೇಲೆ 28 ದಿನ ಕಾಯಿರಿ, ದಿನಾ ನೀರು ಹಾಕಿ. ಜಯಂತಿಗೆ ಇನ್ನು ಹತ್ತು ದಿನ ಅನ್ನುವಾಗ ಪೀಠ ಹಾಕುವುದು ಬೇಡವೇ ಬೇಡ.

ಪೀಠದ ಹಿಂದುಗಡೆ ಮಾಲೆ ಹಾಕಲು ಕೈಹಿಡಿ ಇರುವ ಗಟ್ಟಿ ಮೆಟ್ಟಿಲು ಕಟ್ಟಿಸಿ. ಇಲ್ಲದಿದ್ದರೆ ಪ್ರತಿ ವರ್ಷ ಯಾರೋ ಒಬ್ಬ ಹುಡುಗ ಭುಜದ ಮೇಲೆ ಕಾಲಿಟ್ಟು ಹತ್ತುತ್ತಾನೆ.

## ಹಂತ 9: ಫಲಕದ ಬರಹ

ಇದಕ್ಕೆ ಕೊನೆಯ ದಿನ ಅರ್ಧ ಗಂಟೆ ಕೊಡುತ್ತಾರೆ. ಹಾಗೆ ಮಾಡಬೇಡಿ. ಮುಂದಿನ ತಲೆಮಾರಿನ ಜೊತೆ ಮಾತಾಡುವುದು ಈ ಕಲ್ಲು.

ಎದುರಿನ ಫಲಕದಲ್ಲಿ ಆ ವ್ಯಕ್ತಿಯ ಹೆಸರು, ಹುಟ್ಟಿದ ಮತ್ತು ತೀರಿಕೊಂಡ ವರ್ಷ, ಮಾಡಿದ ಕೆಲಸ ಮೂರು ವಾಕ್ಯದಲ್ಲಿ. ಅಷ್ಟೇ. ಉದ್ಘಾಟಕರು, ಅಧ್ಯಕ್ಷರು, ದಾನಿಗಳ ಹೆಸರು ಹಿಂದಿನ ಫಲಕಕ್ಕೆ. ಶಿಲ್ಪಿಯ ಹೆಸರನ್ನು ಮರೆಯದೆ ಹಾಕಿ. ವರ್ಷಗಳಿಗೆ ದಾಖಲೆ ಇಲ್ಲದಿದ್ದರೆ ಊಹೆ ಕೆತ್ತಿಸಬೇಡಿ.

ಅಕ್ಷರ ದೋಷ ಬರುವುದು ಡಿಟಿಪಿ ಅಂಗಡಿಯಲ್ಲಿ. ನೀವು ವಾಟ್ಸ್ಆ್ಯಪ್‌ನಲ್ಲಿ ಸರಿಯಾಗೇ ಕಳಿಸಿರುತ್ತೀರಿ. ಅದು ಯೂನಿಕೋಡ್. ಅಲ್ಲಿ ಹಳೇ ನುಡಿ ಫಾಂಟಿಗೆ ಬದಲಾಯಿಸುವಾಗ ಒತ್ತಕ್ಷರ ಬಿದ್ದುಹೋಗುತ್ತದೆ, ಅರ್ಕಾವೊತ್ತು ಜಾಗ ತಪ್ಪುತ್ತದೆ. ‘ಸ್ವಾತಂತ್ರ್ಯ’ ಅನ್ನುವುದು ‘ಸ್ವಾತಂತ್ರ’ ಆಗಿ ಕಲ್ಲಿನ ಮೇಲೆ ಕೂತರೆ ತಿದ್ದಲು ಬರುವುದಿಲ್ಲ. ಪೂರ್ತಿ ಅಳತೆಯ ಪ್ರಿಂಟ್ ತೆಗೆಸಿ, ಕನ್ನಡ ಮೇಷ್ಟ್ರೊಬ್ಬರಿಂದ ಒಂದೊಂದೇ ಅಕ್ಷರ ಓದಿಸಿ, ಸಹಿ ಹಾಕಿಸಿ. ಹತ್ತಡಿ ದೂರದಿಂದ ಓದಲು ಒಂದಿಂಚು ಎತ್ತರದ ಅಕ್ಷರ ಬೇಕು. ಬರೀ ಪೇಂಟ್ ಬೇಡ, ಆಳವಾಗಿ ಕೆತ್ತಿಸಿ.

## ಹಂತ 10: ತರುವುದು, ಕೂರಿಸುವುದು, ಅನಾವರಣ

ಇಲ್ಲಿ ಅಪಾಯ ಇರುವುದು ಮೇಲಿನ ಕರೆಂಟ್ ತಂತಿಯಲ್ಲಿ. ಕ್ರೇನ್ ಬರುವ ದಿನಕ್ಕೆ ಎಸ್ಕಾಂ (ವಿದ್ಯುತ್ ಕಂಪನಿ) ಕಚೇರಿಯಲ್ಲಿ ಮೊದಲೇ ಬರೆದುಕೊಟ್ಟು ಎಲ್‌ಸಿ, ಅಂದರೆ ಲೈನ್ ಆಫ್ ಮಾಡಿಸುವ ಒಪ್ಪಿಗೆ, ತೆಗೆದುಕೊಳ್ಳಿ. ಲೈನ್‌ಮನ್ ಜಾಗದಲ್ಲಿ ನಿಂತು "ಲೈನ್ ಆಫ್ ಆಗಿದೆ" ಅನ್ನುವವರೆಗೆ ಕ್ರೇನಿನ ಕೈ ಏಳಬಾರದು. ಎತ್ತಲು ಬೆಲ್ಟ್ ಬಳಸಿ, ಉಕ್ಕಿನ ಹಗ್ಗ ಬೇಡ. ಕುತ್ತಿಗೆಗೆ, ಕೈಗೆ ಕಟ್ಟಿ ಎತ್ತಬೇಡಿ. ಎಲ್ಲಿಗೆ ಕೊಕ್ಕೆ ಹಾಕಬೇಕು ಅಂತ ಶಿಲ್ಪಿಯೇ ತೋರಿಸಲಿ. ಕ್ರೇನಿನ ಕೆಳಗೆ ಫೋಟೋ ತೆಗೆಯುವವರನ್ನು ಬಿಡಬೇಡಿ.

ಅನಾವರಣದ ದಿನಾಂಕವನ್ನು ಎಲ್ಲ ಕಾಗದ ಕೈಗೆ ಬಂದ ಮೇಲೆಯೇ ಗೊತ್ತು ಮಾಡಿ. ಚುನಾವಣೆ ಹತ್ತಿರ ಇದ್ದರೆ ನೀತಿಸಂಹಿತೆ ಜಾರಿಯಾಗಿ ಕಾರ್ಯಕ್ರಮ ನಿಂತುಹೋಗಬಹುದು. ಪರದೆ ಎಳೆಯುವ ಹಗ್ಗವನ್ನು ಹಿಂದಿನ ದಿನ ಒಮ್ಮೆ ಎಳೆದು ನೋಡಿ.

## ಹಂತ 11: ಆಮೇಲಿನ ವರ್ಷಗಳು

ಅನಾವರಣದ ವಾರದಲ್ಲೇ ಪುತ್ಥಳಿಯನ್ನು ಪಂಚಾಯಿತಿಗೋ ಪುರಸಭೆಗೋ ಬರವಣಿಗೆಯಲ್ಲಿ ಒಪ್ಪಿಸಿ. ಲೈಟಿನ ಬಿಲ್ಲು, ಸಿಸಿ ಕ್ಯಾಮೆರಾ, ಗುಡಿಸುವುದು ಯಾರ ಹೊಣೆ ಅಂತ ಅದರಲ್ಲೇ ಇರಲಿ. ಉಳಿದ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಅದರ ಬಡ್ಡಿಯನ್ನು ಇದಕ್ಕೆ ಬಳಸಿ.

ಜಯಂತಿ ಹತ್ತಿರ ಬಂದಾಗ ಪ್ರೀತಿಯಿಂದಲೇ ಆಗುವ ತಪ್ಪುಗಳಿವೆ. ಮನೆಯ ಹಿತ್ತಾಳೆ ಪಾತ್ರೆ ತಿಕ್ಕಿದ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ. ಕಂಚಿನ ಮೇಲಿನ ಕಂದು ಪದರ ಕೊಳೆ ಅಲ್ಲ, ಅದೇ ಅದರ ರಕ್ಷಣೆ. ಹುಳಿ ಅದನ್ನು ತಿನ್ನುತ್ತದೆ. ಇನ್ನು ಕೆಲವರು ಚಿನ್ನದ ಬಣ್ಣದ ಪೇಂಟ್ ಬಳಿಸುತ್ತಾರೆ. ಎರಡು ವರ್ಷಕ್ಕೆ ಅದು ಚಕ್ಕೆ ಏಳುತ್ತದೆ, ಮುಖದ ಸಣ್ಣ ಗೆರೆಗಳೆಲ್ಲ ತುಂಬಿಹೋಗುತ್ತವೆ. ಹಾಲಿನ ಅಭಿಷೇಕವೂ ಬೇಡ.

ಮಾಡಬೇಕಾದದ್ದು ಕಡಿಮೆ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಸಾದಾ ನೀರು, ಸೌಮ್ಯವಾದ ಸೋಪು, ಮೆತ್ತನೆ ಬಟ್ಟೆಯಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಬಣ್ಣವಿಲ್ಲದ ಮೇಣ ಸವರಿ. ಹಕ್ಕಿ ಹಿಕ್ಕೆಯನ್ನು ಕಂಡ ಕೂಡಲೇ ತೊಳೆಯಿರಿ. ಪುಡಿಪುಡಿಯಾದ ತಿಳಿ ಹಸಿರು ಚುಕ್ಕೆ ಕಂಡರೆ, ಅದರಲ್ಲೂ ಕರಾವಳಿಯಲ್ಲಿ, ಶಿಲ್ಪಿಗೆ ಫೋಟೋ ಕಳಿಸಿ. ಬೆಸುಗೆ, ಬೋಲ್ಟು, ಪೀಠದ ಬಿರುಕು ಇವನ್ನು ಎಂಜಿನಿಯರ್ ವರ್ಷಕ್ಕೊಮ್ಮೆ ನೋಡಿ ಪುಸ್ತಕದಲ್ಲಿ ಬರೆಯಲಿ.

ಮಾಲೆ ಮರುದಿನ ಬೆಳಿಗ್ಗೆ ಇಳಿಯಬೇಕು. ಕೊಳೆತ ಹೂವು ತೇವ ಹಿಡಿದಿಟ್ಟುಕೊಳ್ಳುತ್ತದೆ, ಒಳಗಿನ ತಂತಿ ಕತ್ತಿನ ಮೇಲೆ ಗೀರು ಹಾಕುತ್ತದೆ. ಮೆಟ್ಟಿಲಿನ ಗೇಟಿನ ಬೀಗದ ಕೈ ಒಬ್ಬರ ಹತ್ತಿರ ಇರಲಿ, ಅವರ ಹೆಸರು ನಡಾವಳಿ ಪುಸ್ತಕದ ಮೊದಲ ಪುಟದಲ್ಲಿರಲಿ. ಆ ಪಂಚೆಯ ತುದಿ ಹಿಡಿದ ಮೇಷ್ಟ್ರ ಪುತ್ಥಳಿಯ ಬೀಗದ ಕೈ ಈಗ ಶಾಲೆಯ ಏಳನೇ ತರಗತಿಯವರ ಹತ್ತಿರ ಇದೆ. ಪ್ರತಿ ವರ್ಷ ಜೂನ್‌ನಲ್ಲಿ ಹೊಸ ಏಳನೇ ತರಗತಿಗೆ ಅದನ್ನು ಒಪ್ಪಿಸುತ್ತಾರೆ. ಮೇಷ್ಟ್ರೊಬ್ಬರು ಕೆಳಗೆ ನಿಂತಿರುತ್ತಾರೆ, ಮಕ್ಕಳು ಮಾಲೆ ಇಳಿಸಿ ಶಾಲೆಯ ಗೊಬ್ಬರದ ಗುಂಡಿಗೆ ಹಾಕುತ್ತಾರೆ.